ಹೊಸ ಚಿಕಿತ್ಸೆಗೆ ‘ಹತ್ತಿರದ ಕೋಡ್’ ಹಾಕಬಹುದೇ? ಎರಡು ಕೋಣೆಯ ಲೀಡ್‌ಲೆಸ್ ಪೇಸ್‌ಮೇಕರ್ ಪ್ರಕರಣದ ಕುರಿತು ಚರ್ಚೆ

ಸೇಡಂ ರಸ್ತೆ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಅಮೀರಪೇಟೆಯಲ್ಲಿ ಮೆಡಿಕಲ್ ಕೋಡಿಂಗ್ ತರಬೇತಿ ಮುಗಿಸಿ, ಈಗ ಕಲಬುರಗಿಯ ಮನೆಯಿಂದಲೇ ಹೈದರಾಬಾದಿನ ಕಂಪನಿಯೊಂದಕ್ಕೆ ಅಮೆರಿಕದ ಹೃದ್ರೋಗ ವಿಭಾಗದ ಕ್ಲೇಮುಗಳನ್ನು ಕೋಡ್ ಮಾಡುತ್ತಿದ್ದೇನೆ, ಅಂದರೆ ವಿಮೆಗೆ ಕಳಿಸುವ ಬಿಲ್ಲಿನಲ್ಲಿ ಮಾಡಿದ ಚಿಕಿತ್ಸೆಗೆ ಹೊಂದುವ ಕೋಡ್ ಸಂಖ್ಯೆ ಹಾಕುತ್ತೇನೆ. ಈ ವಾರ ನನ್ನ ಪಾಲಿಗೆ ಬಂದ ಒಂದು ಆಪರೇಷನ್ ನೋಟ್ ಬಗ್ಗೆ ಹಿರಿಯರ ಅಭಿಪ್ರಾಯ ಬೇಕಾಗಿದೆ. ಬಲ ತೊಡೆಯ ಸಂದಿನ ಅಭಿಧಮನಿಯ ಮೂಲಕ ಕ್ಯಾಥೆಟರ್ ಹಾಕಿ, ಬಲ ಹೃತ್ಕುಕ್ಷಿಯಲ್ಲಿ ಒಂದು ಮತ್ತು ಬಲ ಹೃತ್ಕರ್ಣದಲ್ಲಿ ಒಂದು, ಹೀಗೆ ತಂತಿಯಿಲ್ಲದ ಎರಡು ಚಿಕ್ಕ ಪೇಸ್‌ಮೇಕರ್‌ಗಳನ್ನು ಒಂದೇ ಸಲ ಕೂರಿಸಿದ್ದಾರೆ. ಎದೆಯ ಚರ್ಮದ ಕೆಳಗೆ ಜೇಬು ಮಾಡಿಲ್ಲ, ಲೀಡ್ (ತಂತಿ) ಎಳೆದಿಲ್ಲ, ಮತ್ತು ಎರಡೂ ಸಾಧನಗಳು ಪರಸ್ಪರ ಸಂಕೇತ ಕಳಿಸಿಕೊಳ್ಳುತ್ತಿರುವುದನ್ನು ಕೊನೆಯಲ್ಲಿ ಪರೀಕ್ಷಿಸಿ ಬರೆದಿದ್ದಾರೆ.

ಎನ್‌ಕೋಡರ್‌ನಲ್ಲಿ (ಕೋಡು ಹುಡುಕುವ ತಂತ್ರಾಂಶ) ‘ಲೀಡ್‌ಲೆಸ್’ ಎಂದು ಹುಡುಕಿದರೆ ಮೊದಲು 33274 ಬರುತ್ತದೆ. ನಮ್ಮ ಆಡಿಟರ್ ಅವರು, ‘ಅದನ್ನೇ ಹಾಕಿ, ಎರಡು ಸಾಧನ ಇರುವುದರಿಂದ 22 ಮಾಡಿಫೈಯರ್ (ಕೋಡಿನ ಜೊತೆ ಹಾಕುವ ಹೆಚ್ಚುವರಿ ಗುರುತು) ಸೇರಿಸಿ ಕಳಿಸಿ’ ಎನ್ನುತ್ತಾರೆ. ಆದರೆ ಹೊಸ ತಂತ್ರಜ್ಞಾನಗಳಿಗಿರುವ ಮೂರನೇ ಶ್ರೇಣಿಯ ಪಟ್ಟಿಯಲ್ಲಿ 0795ಟಿ ಎಂಬ ಕೋಡ್ ಕಂಡಿದ್ದರಿಂದ ನನಗೆ ಹಾಗೆ ಕಳಿಸಲು ಮನಸ್ಸು ಬರುತ್ತಿಲ್ಲ. ಯಾವುದು ಸರಿ, ಮತ್ತು ಏಕೆ ಸರಿ ಎಂಬುದನ್ನು ದಯವಿಟ್ಟು ವಿವರಿಸಿ.

ಬೀದರ ಕೋಟೆ

ಸೇಡಂ ರಸ್ತೆಯವರೇ, ನಿಮ್ಮ ಅನುಮಾನ ಸರಿಯಾಗಿದೆ. ಈ ಕ್ಲೇಮಿಗೆ 33274 ಸಲ್ಲದು. ಎನ್‌ಕೋಡರ್ ತೋರಿಸುವ ಕಿರು ಹೆಸರನ್ನು ಬಿಟ್ಟು ಆ ಕೋಡಿನ ಪೂರ್ಣ ವಿವರಣೆಯನ್ನು ತೆರೆದು ಓದಿ. ತಂತಿಯಿಲ್ಲದ ಶಾಶ್ವತ ಪೇಸ್‌ಮೇಕರ್ ಅನ್ನು ಕ್ಯಾಥೆಟರ್ ಮೂಲಕ ‘ಬಲ ಹೃತ್ಕುಕ್ಷಿಯಲ್ಲಿ’ ಕೂರಿಸುವುದು ಅಥವಾ ಬದಲಿಸುವುದು ಎಂದು ಅಲ್ಲಿ ಸ್ಪಷ್ಟವಾಗಿದೆ. ಹೃತ್ಕರ್ಣದ ಮಾತೇ ಅದರಲ್ಲಿಲ್ಲ. ಹೃತ್ಕರ್ಣ ಮತ್ತು ಹೃತ್ಕುಕ್ಷಿ ಎರಡರಲ್ಲೂ ಕೂರಿಸುವ ಪೂರ್ಣ ವ್ಯವಸ್ಥೆಗೆಂದೇ 0795ಟಿ ಇದೆ, ಅದು 2023ರ ಜುಲೈ 1ರಿಂದ ಜಾರಿಯಲ್ಲಿದೆ. 22 ಮಾಡಿಫೈಯರ್ ಇರುವುದು ಅದೇ ಕೆಲಸಕ್ಕೆ ಮಾಮೂಲಿಗಿಂತ ಬಹಳ ಹೆಚ್ಚು ಶ್ರಮ ಬಿದ್ದಾಗ ಹೇಳುವುದಕ್ಕೆ. ಬೇರೆಯದೇ ಕೆಲಸವನ್ನು ಹಳೆಯ ಕೋಡಿನೊಳಗೆ ತುರುಕುವುದಕ್ಕೆ ಅದು ಇಲ್ಲ.

ಹೊಸದಾಗಿ ಈ ಕೆಲಸಕ್ಕೆ ಬಂದವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1966ರಲ್ಲಿ ಮೊದಲು ಹೊರತಂದ ಸಿಪಿಟಿ ಕೋಡುಗಳಲ್ಲಿ ಇಂದು ಮೂರು ಶ್ರೇಣಿಗಳಿವೆ. ಮೊದಲನೆಯದು ನಾವು ದಿನವೂ ಬಳಸುವ ಐದಂಕಿಯ ಕೋಡು, ಎರಡನೆಯದು ಗುಣಮಟ್ಟ ಅಳೆಯಲು, ಮೂರನೆಯದು ಹೊಸ ಮತ್ತು ಬೆಳೆಯುತ್ತಿರುವ ತಂತ್ರಜ್ಞಾನಗಳಿಗೆ. ಮೂರನೇ ಶ್ರೇಣಿಯ ಕೋಡಿನಲ್ಲಿ ನಾಲ್ಕು ಅಂಕಿಯ ನಂತರ ‘ಟಿ’ ಅಕ್ಷರ ಇರುತ್ತದೆ. ಇವುಗಳನ್ನು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈ ತಿಂಗಳ ಆರಂಭದಲ್ಲಿ ಪ್ರಕಟಿಸುತ್ತಾರೆ; ಸಾಮಾನ್ಯವಾಗಿ ಪ್ರಕಟವಾದ ಆರು ತಿಂಗಳಿಗೆ ಜಾರಿಗೆ ಬರುತ್ತವೆ. ಐದು ವರ್ಷದೊಳಗೆ ಮೊದಲನೇ ಶ್ರೇಣಿಗೆ ಏರದಿದ್ದರೆ, ಅಥವಾ ಮತ್ತೆ ಮುಂದುವರಿಸಿ ಎಂದು ಒಪ್ಪಿಸದಿದ್ದರೆ, ಆ ಕೋಡು ಪುಸ್ತಕದಿಂದ ಹೊರಹೋಗುತ್ತದೆ. 0795ಟಿ ಕೋಡಿನ ಅವಧಿ 2029ರ ಜನವರಿಯವರೆಗೆ ಇದೆ.

ನಿಮ್ಮ 33274 ಕೂಡ ಇದೇ ದಾರಿಯಲ್ಲಿ ಬಂದದ್ದು. ಹೃತ್ಕುಕ್ಷಿಯ ಲೀಡ್‌ಲೆಸ್ ಪೇಸ್‌ಮೇಕರ್‌ಗೆ 2015ರಲ್ಲಿ 0387ಟಿ ಎಂಬ ತಾತ್ಕಾಲಿಕ ಕೋಡು ಬಂತು. 2019ರಲ್ಲಿ ಅದನ್ನು ತೆಗೆದು 33274 ಕೊಟ್ಟರು. ಸುಣ್ಣಗಟ್ಟಿದ ಹೃದಯ ರಕ್ತನಾಳವನ್ನು ಶಬ್ದದ ಅಲೆಗಳಿಂದ ಸಡಿಲಗೊಳಿಸುವ ಲಿಥೊಟ್ರಿಪ್ಸಿ 2022ರಲ್ಲಿ 0715ಟಿ ಆಗಿತ್ತು, 2024ರಲ್ಲಿ 92972 ಆಯಿತು. ರೋಗಿಯ ರಕ್ಷಣಾ ಕೋಶಗಳನ್ನು ಮಾರ್ಪಡಿಸಿ ಕ್ಯಾನ್ಸರ್ ವಿರುದ್ಧ ಬಳಸುವ ಕಾರ್-ಟಿ ಕೋಶ ಚಿಕಿತ್ಸೆ 2019ರಲ್ಲಿ 0537ಟಿಯಿಂದ 0540ಟಿವರೆಗಿನ ನಾಲ್ಕು ಕೋಡುಗಳೊಂದಿಗೆ ಆರಂಭವಾಗಿ, 2025ರಲ್ಲಿ 38225ರಿಂದ 38228ಕ್ಕೆ ಏರಿತು. ಆ ವರ್ಷಗಳಲ್ಲಿ ಎಲ್ಲರೂ ‘ಹತ್ತಿರದ್ದು’ ಹಾಕಿಕೊಂಡು ಕೂತಿದ್ದರೆ ಈ ಯಾವ ಚಿಕಿತ್ಸೆಯೂ ಎಷ್ಟು ಕಡೆ ನಡೆಯುತ್ತಿದೆ ಎಂದು ತೋರಿಸಲು ದಾಖಲೆಯೇ ಇರುತ್ತಿರಲಿಲ್ಲ. ಮೊದಲನೇ ಶ್ರೇಣಿಗೆ ಏರಬೇಕಾದರೆ, ಆ ಚಿಕಿತ್ಸೆಯನ್ನು ದೇಶದ ಹಲವು ವೈದ್ಯರು ಸಾಕಷ್ಟು ಸಲ ಮಾಡುತ್ತಿದ್ದಾರೆ ಎಂಬುದು ಮುಖ್ಯವಾದ ಷರತ್ತು. ಆ ಎಣಿಕೆಗೆ ಆಧಾರ ನಾವು ಹಾಕುವ ಕೋಡು.

ಭೀಮಾ ತೀರ, ಯಾದಗಿರಿ

ಬೀದರ ಕೋಟೆಯವರು ಹೇಳಿದ ತತ್ವ ಒಪ್ಪುತ್ತೇನೆ. ಆದರೆ ನೆಲದ ಮೇಲೆ ನಡೆಯುವುದನ್ನೂ ನೋಡಬೇಕಲ್ಲವೇ? ಮೂರನೇ ಶ್ರೇಣಿಯ ಕೋಡುಗಳಿಗೆ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಶುಲ್ಕಪಟ್ಟಿಯಲ್ಲಿ ದರ ಲೆಕ್ಕ ಹಾಕುವ ಅಂಕವೇ ನಿಗದಿಯಾಗಿರುವುದಿಲ್ಲ. ಆಯಾ ಪ್ರದೇಶದ ಮೆಡಿಕೇರ್ ಗುತ್ತಿಗೆದಾರರು ತಮಗೆ ತೋಚಿದ ದರ ಕೊಡುತ್ತಾರೆ. ಖಾಸಗಿ ವಿಮಾ ಕಂಪನಿಗಳು ‘ಟಿ’ ಅಕ್ಷರ ಕಂಡ ಕೂಡಲೇ ಪ್ರಾಯೋಗಿಕ ಚಿಕಿತ್ಸೆ ಎಂದು ಷರಾ ಬರೆದು ಕ್ಲೇಮನ್ನು ಹಿಂದಿರುಗಿಸುತ್ತವೆ. ಕ್ಲೇಮ್ ತಿರಸ್ಕಾರವಾದರೆ ಕೊನೆಗೆ ಬಿಲ್ಲು ರೋಗಿಯ ಮನೆಗೆ ಹೋಗುತ್ತದೆ. 33274 ಹಾಕಿದರೆ ಕನಿಷ್ಠ ಒಂದು ಸಾಧನದ ಹಣವಾದರೂ ಬರುತ್ತದೆ, ಮತ್ತು ಒಂದು ಸಾಧನವನ್ನು ಬಲ ಹೃತ್ಕುಕ್ಷಿಯಲ್ಲಿ ಕೂರಿಸಿದ್ದಂತೂ ನಿಜ. ಇದರಲ್ಲಿ ಸುಳ್ಳೇನು ಎಂಬುದು ನನ್ನ ಪ್ರಾಮಾಣಿಕ ಪ್ರಶ್ನೆ.

ಬೀದರ ಕೋಟೆ

ಭೀಮಾ ತೀರದವರೇ, ನಿಮ್ಮ ಕಾಳಜಿ ರೋಗಿಯ ಬಗ್ಗೆ ಎಂಬುದು ನನಗೆ ಅರ್ಥವಾಗುತ್ತದೆ. ಆದ್ದರಿಂದ ಪೂರ್ತಿಯಾಗಿ ಉತ್ತರಿಸುತ್ತೇನೆ.

ಮೊದಲು ನಿಯಮ. ಸಿಪಿಟಿ ಪುಸ್ತಕದ ಪೀಠಿಕೆಯಲ್ಲೇ, ಮಾಡಿದ ಕೆಲಸವನ್ನು ನಿಖರವಾಗಿ ಹೇಳುವ ಕೋಡನ್ನೇ ಆರಿಸಬೇಕು, ಅದಕ್ಕೆ ಸುಮಾರಾಗಿ ಹೋಲುವುದನ್ನು ಆರಿಸಬಾರದು ಎಂಬ ಸೂಚನೆಯಿದೆ. ಅಂಥ ಕೋಡು ಇಲ್ಲದಿದ್ದರೆ ಆಯಾ ಅಂಗವ್ಯೂಹದ ‘ಪಟ್ಟಿಯಲ್ಲಿಲ್ಲದ’ ಕೋಡಿಗೆ ಹೋಗಬೇಕು: ಹೃದಯ ಶಸ್ತ್ರಚಿಕಿತ್ಸೆಯಾದರೆ 33999, ನರಮಂಡಲವಾದರೆ 64999. ಮೂರನೇ ಶ್ರೇಣಿಯಲ್ಲಿ ಹೊಂದುವ ಕೋಡು ಇದ್ದರೆ ಪಟ್ಟಿಯಲ್ಲಿಲ್ಲದ ಕೋಡನ್ನೂ ಹಾಕುವಂತಿಲ್ಲ, ಮೂರನೇ ಶ್ರೇಣಿಯದ್ದನ್ನೇ ಹಾಕಬೇಕು. ಇದರಲ್ಲಿ ಕೋಡರ್‌ಗೆ ಆಯ್ಕೆಯ ಸ್ವಾತಂತ್ರ್ಯ ಇಲ್ಲ. ಹಣ ಬರುತ್ತದೆ ಎಂಬ ಕಾರಣಕ್ಕೆ ಗೊತ್ತಿದ್ದೂ ಬೇರೆ ಕೋಡು ಹಾಕಿ ಮೆಡಿಕೇರ್‌ಗೆ ಕಳಿಸಿದರೆ ಅದು ಅಲ್ಲಿನ ಸುಳ್ಳು ಕ್ಲೇಮುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ.

ಎರಡನೆಯದು ಈ ಸಾಧನದ್ದೇ ವಿಶೇಷ. ಲೀಡ್‌ಲೆಸ್ ಪೇಸ್‌ಮೇಕರ್‌ಗೆ ಮೆಡಿಕೇರ್ 2017ರ ಜನವರಿ 18ರಿಂದ ಹಣ ಕೊಡುತ್ತಿರುವುದೇ ಪುರಾವೆ ಸಂಗ್ರಹಿಸುವ ಷರತ್ತಿನ ಮೇಲೆ. ಅನುಮೋದಿತ ಅಧ್ಯಯನದ ನೋಂದಣಿ ಸಂಖ್ಯೆ, ಚಿಕಿತ್ಸೆ ಅಧ್ಯಯನದ ಭಾಗ ಎಂದು ತಿಳಿಸುವ ಕ್ಯೂ-ಸೊನ್ನೆ ಮಾಡಿಫೈಯರ್, ರೋಗನಿದಾನದ ಸಾಲಿನಲ್ಲಿ ಅದನ್ನೇ ಹೇಳುವ ಝಡ್00.6 ಕೋಡು, ಇವೆಲ್ಲ ಕ್ಲೇಮಿನ ಮೇಲೆ ಇರಬೇಕು. ಎರಡು ಸಾಧನ ಕೂರಿಸಿದ ರೋಗಿಯನ್ನು 33274ರಲ್ಲಿ ಸೇರಿಸಿದರೆ, ನಾಳೆ ಆ ರೋಗಿಗೆ ಹೃತ್ಕರ್ಣದ ಸಾಧನ ಜಾರಿ ತೊಂದರೆಯಾದಾಗ ಆ ತೊಂದರೆ ಹೃತ್ಕುಕ್ಷಿಯ ಸಾಧನದ ಲೆಕ್ಕಕ್ಕೆ ಬೀಳುತ್ತದೆ. ಹೊಸದರ ಎಣಿಕೆ ಕಳೆದುಹೋಗುವುದಲ್ಲದೆ ಹಳೆಯದರ ಎಣಿಕೆಯೂ ಕೆಡುತ್ತದೆ. ‘ಒಂದು ಸಾಧನದ ಮಟ್ಟಿಗೆ ನಿಜ’ ಎಂಬ ನಿಮ್ಮ ವಾದವನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಇನ್ನು ‘ಟಿ’ ಎಂದರೆ ಪ್ರಾಯೋಗಿಕ ಎಂಬ ಮಾತು. ಮೂರನೇ ಶ್ರೇಣಿಯ ಕೋಡು ಇದೆ ಎಂದ ಮಾತ್ರಕ್ಕೆ ಆ ಚಿಕಿತ್ಸೆ ಸುರಕ್ಷಿತ ಎಂದೂ ಅಲ್ಲ, ಅಸುರಕ್ಷಿತ ಎಂದೂ ಅಲ್ಲ ಎಂದು ಪುಸ್ತಕವೇ ಹೇಳುತ್ತದೆ. ಈ ಎರಡು ಕೋಣೆಯ ವ್ಯವಸ್ಥೆಗೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಕ ಎಫ್‌ಡಿಎ 2023ರಲ್ಲೇ ಒಪ್ಪಿಗೆ ಕೊಟ್ಟಿದೆ. ತಿರಸ್ಕಾರ ತಪ್ಪಿಸಬೇಕಾದರೆ ಮಾಡಬೇಕಾದ ಕೆಲಸ ಚಿಕಿತ್ಸೆಗೆ ಮೊದಲೇ ಇದೆ: ವಿಮಾ ಕಂಪನಿಯಿಂದ ಅದೇ ‘ಟಿ’ ಕೋಡಿನ ಹೆಸರಿನಲ್ಲಿ ಮುಂಗಡ ಒಪ್ಪಿಗೆ ಪಡೆಯುವುದು, ಎಫ್‌ಡಿಎ ಒಪ್ಪಿಗೆಯ ಪತ್ರ ಮತ್ತು ವೈದ್ಯರ ಸಮರ್ಥನೆಯನ್ನು ಜೊತೆಗಿಡುವುದು, ತಿರಸ್ಕರಿಸಿದರೆ ಮೇಲ್ಮನವಿ ಹಾಕುವುದು. ಶ್ರಮ ಹೆಚ್ಚು, ನಿಜ. ಆದರೆ ಇದಕ್ಕೆ ಬದಲಿ ದಾರಿ ಇಲ್ಲ.

ಸಂಚಾಲಕರು

ಒಂದು ವಿನಂತಿ. ಆಪರೇಷನ್ ನೋಟ್‌ನ ಚಿತ್ರವನ್ನಾಗಲಿ, ರೋಗಿಯ ವಯಸ್ಸು, ಆಸ್ಪತ್ರೆ, ದಿನಾಂಕಗಳನ್ನಾಗಲಿ ಯಾರೂ ಇಲ್ಲಿ ಹಾಕಬೇಡಿ. ಇಲ್ಲಿಯವರೆಗೆ ಹಾಕಿಲ್ಲ, ಹಾಗೆಯೇ ಮುಂದುವರಿಸಿ.

ಬಹಮನಿ, ಕಲಬುರಗಿ

ನಾನು ಕೋಡರ್ ಅಲ್ಲ, ಹೃದ್ರೋಗ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ. ಮೇಲಿನ ಚರ್ಚೆಯನ್ನು ಆಸಕ್ತಿಯಿಂದ ಓದಿದೆ. ವೈದ್ಯರ ಕಡೆಯಿಂದ ಒಂದು ಮಾತು ಸೇರಿಸಬೇಕೆನಿಸಿತು: ಕೋಡ್ ತಪ್ಪುವುದು ಬಹಳ ಸಲ ನಿಮ್ಮ ಮೇಜಿನ ಮೇಲಲ್ಲ, ನಮ್ಮ ಬರವಣಿಗೆಯಲ್ಲಿ. ‘ಲೀಡ್‌ಲೆಸ್ ಪೇಸ್‌ಮೇಕರ್ ಅಳವಡಿಸಲಾಯಿತು, ರೋಗಿ ಕ್ಷೇಮ’ ಎಂದು ಒಂದೇ ಸಾಲು ಬರೆದರೆ ಯಾವ ಕೋಡರ್ ತಾನೇ ಏನು ಮಾಡಬೇಕು?

ಹೊಸ ಚಿಕಿತ್ಸೆಯ ನೋಟ್‌ನಲ್ಲಿ ಯಾವ ದಾರಿಯಿಂದ ಹೋದೆವು, ಯಾವ ಅಂಗದ ಯಾವ ಭಾಗದಲ್ಲಿ ಕೆಲಸ ಮಾಡಿದೆವು, ಯಾವ ಸಾಧನ ಅಥವಾ ಯಾವ ಶಕ್ತಿ ಬಳಸಿದೆವು, ಅದು ದೇಹದಲ್ಲಿ ಉಳಿಯಿತೇ ಇಲ್ಲವೇ, ಚಿತ್ರಣದ ನೆರವು ಯಾವುದು ಎಂಬುದೆಲ್ಲ ಬಿಡಿಬಿಡಿಯಾಗಿ ಇರಬೇಕು. ಉದಾಹರಣೆಗೆ ಹೃತ್ಕರ್ಣದ ಕಂಪನಕ್ಕೆ ಮಾಡುವ ಅಬ್ಲೇಷನ್ (ತೊಂದರೆಗೆ ಕಾರಣವಾದ ಅಂಗಾಂಶವನ್ನು ನಾಶ ಮಾಡುವುದು) ತೆಗೆದುಕೊಳ್ಳಿ. ರೇಡಿಯೋ ತರಂಗದ ಶಾಖದಿಂದ ಸುಡಬಹುದು, ಶೀತದಿಂದ ಹೆಪ್ಪುಗಟ್ಟಿಸಬಹುದು, ಈಗ ಹೊಸದಾಗಿ ಪಲ್ಸ್ಡ್ ಫೀಲ್ಡ್ ವಿಧಾನದಲ್ಲಿ ಕ್ಷಣಾರ್ಧದ ವಿದ್ಯುತ್ ಕ್ಷೇತ್ರದಿಂದ ಜೀವಕೋಶದ ಪೊರೆಯಲ್ಲಿ ರಂಧ್ರ ಮಾಡಿ ಅದನ್ನು ಸಾಯಿಸಬಹುದು. ಸಿಪಿಟಿಯಲ್ಲಿ ಮೂರಕ್ಕೂ 93656 ಒಂದೇ ಸಾಕು, ಏಕೆಂದರೆ ಆ ವಿವರಣೆ ಶಕ್ತಿಯ ಮೂಲವನ್ನು ಕೇಳುವುದಿಲ್ಲ. ಆದರೆ ಒಳರೋಗಿಯಾಗಿ ದಾಖಲಾದಾಗ ಬಳಸುವ ಐಸಿಡಿ-10-ಪಿಸಿಎಸ್‌ನಲ್ಲಿ ವಿದ್ಯುತ್ ಕ್ಷೇತ್ರದ ವಿಧಾನಕ್ಕೆ 2023ರ ಅಕ್ಟೋಬರ್‌ನಿಂದ ಪ್ರತ್ಯೇಕ ಕೋಡು ಇದೆ. ನೋಟ್‌ನಲ್ಲಿ ಬರೀ ‘ಅಬ್ಲೇಷನ್’ ಎಂದಿದ್ದರೆ ಆ ಭೇದ ಅಲ್ಲಿಗೇ ಮುಗಿಯಿತು.

ಇಲ್ಲಿ ಇನ್ನೊಂದನ್ನೂ ಗಮನಿಸಬೇಕು: ಹೊಸ ಯಂತ್ರ ಬಂದ ಮಾತ್ರಕ್ಕೆ ಹೊಸ ಕೋಡು ಬೇಕೆಂದೇನೂ ಇಲ್ಲ. ಹಳೆಯ ವಿವರಣೆ ಹೊಸ ಕೆಲಸವನ್ನು ಪೂರ್ತಿಯಾಗಿ ಒಳಗೊಂಡಿದ್ದರೆ ಹಳೆಯ ಕೋಡೇ ಸರಿಯಾದ ಕೋಡು.

ಬೀದರ ಕೋಟೆ

ಡಾಕ್ಟರ್ ಸಾಹೇಬರಿಗೆ ಧನ್ಯವಾದಗಳು. ಪಿಸಿಎಸ್ ವಿಷಯ ಬಂದದ್ದರಿಂದ ಒಂದು ಮಾತು. ಏಳು ಅಕ್ಷರಗಳ ಆ ವ್ಯವಸ್ಥೆಯಲ್ಲಿ ಹೊಸ ತಂತ್ರಜ್ಞಾನಕ್ಕೆಂದೇ 2015ರ ಅಕ್ಟೋಬರ್ 1ರಿಂದ ‘ಎಕ್ಸ್’ ವಿಭಾಗ ಇದೆ. ‘ಎಕ್ಸ್’ ಕೋಡು ತನ್ನಷ್ಟಕ್ಕೆ ಪೂರ್ಣ. ಅದೇ ಕೆಲಸಕ್ಕೆ ಇನ್ನೊಂದು ವಿಭಾಗದ ಕೋಡನ್ನು ಜೊತೆಗೆ ಸೇರಿಸುವ ಅಗತ್ಯವಿಲ್ಲ. ಅಕ್ಟೋಬರ್ ಅಲ್ಲದೆ ಈಗ ಏಪ್ರಿಲ್‌ನಲ್ಲೂ ಹೊಸ ಕೋಡುಗಳು ಬರುತ್ತವೆ. ವರ್ಷಕ್ಕೊಮ್ಮೆ ಪುಸ್ತಕ ಕೊಂಡು ಅದನ್ನೇ ನಂಬಿ ಕೂರುವವರು ಇದನ್ನು ನೆನಪಿಡಬೇಕು.

ತೊಗರಿ ನಾಡು, ಚಿತ್ತಾಪುರ

ಅಮೆರಿಕದ ಕೋಡುಗಳ ಮಾತು ನಡೆಯುತ್ತಿರುವಾಗ ನಮ್ಮೂರಿನ ಮಾತನ್ನು ತರುತ್ತಿರುವುದಕ್ಕೆ ಕ್ಷಮೆ ಇರಲಿ. ಆದರೆ ವಿಷಯ ಎರಡೂ ಕಡೆ ಒಂದೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನಾನು ಈ ಭಾಗದ ಆಸ್ಪತ್ರೆಯೊಂದರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಮುಂಗಡ ಒಪ್ಪಿಗೆಯ ಕೌಂಟರಿನಲ್ಲಿ ಕೆಲಸ ಮಾಡಿದವಳು.

ನಮ್ಮಲ್ಲಿ ಪ್ರತಿ ಚಿಕಿತ್ಸೆಯೂ ಒಂದು ಪ್ಯಾಕೇಜ್, ಪ್ರತಿ ಪ್ಯಾಕೇಜಿಗೂ ಒಂದು ಕೋಡು. ಸಾಮಾನ್ಯ ದ್ವಿತೀಯ ಹಂತ, ಸಂಕೀರ್ಣ ದ್ವಿತೀಯ ಹಂತ, ತೃತೀಯ ಹಂತ, ತುರ್ತು ಎಂಬ ವಿಂಗಡಣೆಯ ಮೇಲೆ, ಆ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕೇ, ರೆಫರಲ್ ಪತ್ರದೊಂದಿಗೆ ಖಾಸಗಿಗೆ ಹೋಗಬಹುದೇ, ಪತ್ರವಿಲ್ಲದೆಯೇ ದಾಖಲಾಗಬಹುದೇ ಎಂಬುದು ತೀರ್ಮಾನವಾಗುತ್ತದೆ. ಅಂದರೆ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ರಕ್ಷಣೆ ಇದ್ದರೂ, ಪಟ್ಟಿಯಲ್ಲಿ ಕೋಡು ಇಲ್ಲದ ಚಿಕಿತ್ಸೆಗೆ ಆ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ.

ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಹೊಲದ ಕೆಲಸ ಮಾಡುವ ಹಿರಿಯರೊಬ್ಬರಿಗೆ ವೈದ್ಯರು ಹೊಸ ಬಗೆಯ ಸಾಧನ ಹಾಕುವುದು ಒಳ್ಳೆಯದೆಂದರು. ಕಂಪ್ಯೂಟರಿನಲ್ಲಿ ಆ ಹೆಸರು ಹುಡುಕಿದರೆ ಬರಲಿಲ್ಲ. ಮೇಲಿನವರು, ‘ಹತ್ತಿರದ ಪ್ಯಾಕೇಜ್ ಹಾಕಮ್ಮ, ತಡವಾಗುತ್ತದೆ’ ಎಂದರು. ಹಳೆಯ ಸಾಧನದ ಪ್ಯಾಕೇಜಿನಲ್ಲಿ ಒಪ್ಪಿಗೆ ಬಂತು, ಆಪರೇಷನ್ ಚೆನ್ನಾಗಿಯೇ ಆಯಿತು. ಕ್ಲೇಮ್ ಕಳಿಸುವಾಗ ಸಾಧನದ ಡಬ್ಬಿಯ ಮೇಲಿನ ಸ್ಟಿಕ್ಕರ್ ಅಂಟಿಸಿ, ಎಕ್ಸ್-ರೇ ಲಗತ್ತಿಸಬೇಕಿತ್ತು. ಸ್ಟಿಕ್ಕರಿನಲ್ಲಿ ಒಂದು ಹೆಸರು, ಒಪ್ಪಿಗೆಯಲ್ಲಿ ಇನ್ನೊಂದು. ಪರಿಶೀಲಿಸಿದವರು ಕ್ಲೇಮನ್ನು ತಿರಸ್ಕರಿಸಿದರು. ಆಸ್ಪತ್ರೆಯವರು ಮನೆಯವರನ್ನು ಕರೆಸಿ ಹಣ ಕೇಳಿದರು. ಆ ಹಿರಿಯರ ಮಗ, ‘ದವಾಖಾನಿ ಕಾರ್ಡ್ ನಡೀತದ ಅಂದಿದ್ರಲ್ಲ ಅಕ್ಕಾರೆ’ ಎಂದು ನನ್ನ ಕೌಂಟರಿನ ಮುಂದೆ ನಿಂತಾಗ ನಾನು ಕೊಡಬಹುದಾದ ಉತ್ತರ ಯಾವುದೂ ಇರಲಿಲ್ಲ.

ಅಂದು ಮಾಡಬೇಕಾಗಿದ್ದ ಕೆಲಸ ಬೇರೆ ಇತ್ತು. ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯಲ್ಲಿ ಪಟ್ಟಿಯಲ್ಲಿಲ್ಲದ ಶಸ್ತ್ರಚಿಕಿತ್ಸೆಗೆ ಮುಂಗಡ ಒಪ್ಪಿಗೆಯ ಮೇಲೆ 1 ಲಕ್ಷ ರೂಪಾಯಿವರೆಗಿನ ಒಂದು ಅವಕಾಶ ಇದೆ. ಪಟ್ಟಿಯಲ್ಲಿ ಹೊಂದುವ ಪ್ಯಾಕೇಜ್ ಇಲ್ಲವೆಂಬುದನ್ನು ತೋರಿಸಿ, ಏನು ಮಾಡುತ್ತೇವೆ, ಏಕೆ, ಎಷ್ಟು ಖರ್ಚು ಎಂಬುದನ್ನು ಮೊದಲೇ ಬರೆದು ಕೇಳಬೇಕು. ಹಾಗೆ ಬಂದ ಅರ್ಜಿಗಳೇ ಮುಂದೆ ಹೊಸ ಪ್ಯಾಕೇಜ್ ಸೇರಿಸಿ ಎಂದು ಕೇಳುವುದಕ್ಕೆ ಆಧಾರವಾಗುತ್ತವೆ. ರಾಷ್ಟ್ರೀಯ ಪಟ್ಟಿ 2022ರ ಪರಿಷ್ಕರಣೆಯಲ್ಲಿ 1,949 ಚಿಕಿತ್ಸೆಗಳಿಗೆ ಬೆಳೆದಿದೆ. ಪಟ್ಟಿ ಕಲ್ಲಿನಲ್ಲಿ ಕೊರೆದದ್ದೇನೂ ಅಲ್ಲ.

ಹಳಬರಿಗೆ ನೆನಪಿರಬಹುದು: 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ರಾಜ್ಯದಲ್ಲಿ ಮೊದಲು ಆರಂಭಿಸಿದ್ದೇ ನಮ್ಮ ಗುಲಬರ್ಗಾ ವಿಭಾಗದಲ್ಲಿ. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ಸುಟ್ಟಗಾಯಗಳ ದೊಡ್ಡ ಚಿಕಿತ್ಸೆಗೆ ಬಿಪಿಎಲ್ ಕುಟುಂಬದವರು ಕೈಯಿಂದ ಹಣ ಹಾಕದೆ ಹೋಗಿಬಂದದ್ದು ಮೊದಲು ನಾವು ಕಂಡದ್ದು. ಪ್ಯಾಕೇಜಿನ ಕೋಡು ಒಬ್ಬ ಬಡವನಿಗೆ ಏನು ಎಂಬುದು ಈ ಭಾಗದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಭೀಮಾ ತೀರ, ಯಾದಗಿರಿ

ತೊಗರಿ ನಾಡು ಅಕ್ಕಾರೆ, ನೀವು ಬರೆದದ್ದನ್ನು ಎರಡು ಸಲ ಓದಿದೆ. ‘ಹತ್ತಿರದ್ದು ಹಾಕಿದರೆ ರೋಗಿಗೆ ಉಪಕಾರ’ ಎಂದು ನಾನು ವಾದಿಸಿದ್ದೆ. ನೀವು ಹೇಳಿದ ಪ್ರಕರಣದಲ್ಲಿ ಅದೇ ರೋಗಿಗೆ ಮುಳುವಾಗಿದೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಯೋಜನೆಯ ಕಾರ್ಡ್ ಇಲ್ಲದೆ, ಸ್ವಂತ ವಿಮೆ ಮಾಡಿಸಿಕೊಂಡವರ ಪಾಡೇನು? ನಮ್ಮ ಭಾರತದ ವಿಮಾ ಕಂಪನಿಗಳು ಹೊಸ ಚಿಕಿತ್ಸೆಗೆ ಏನನ್ನುತ್ತವೆ?

ಸೂಪರ್ ಮಾರ್ಕೆಟ್, ಕಲಬುರಗಿ

ಇದಕ್ಕೆ ನಾನು ಉತ್ತರಿಸಬಲ್ಲೆ, ಏಕೆಂದರೆ ಆಸ್ಪತ್ರೆಯ ವಿಮಾ ವಿಭಾಗದಲ್ಲಿ ನನ್ನ ಕೆಲಸ ಅದೇ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 12 ಆಧುನಿಕ ಚಿಕಿತ್ಸೆಗಳನ್ನು ಹೆಸರಿಸಿ, ಅವುಗಳನ್ನು ಒಳರೋಗಿಯಾಗಿಯಾದರೂ ಸರಿ, ಡೇ-ಕೇರ್ ಆಗಿಯಾದರೂ ಸರಿ, ವಿಮೆಯಿಂದ ಹೊರಗಿಡುವಂತಿಲ್ಲ ಎಂದಿದೆ. ರೋಬೋಟ್ ಶಸ್ತ್ರಚಿಕಿತ್ಸೆ, ಮಿದುಳಿನ ಆಳದ ಉತ್ತೇಜನ, ಬಲೂನ್ ಸೈನುಪ್ಲಾಸ್ಟಿ, ಮಾತ್ರೆಯ ಕೀಮೋಥೆರಪಿ, ಚುಚ್ಚುಮದ್ದಿನ ರೂಪದ ಇಮ್ಯುನೋಥೆರಪಿ, ಲೇಸರ್‌ನಿಂದ ಪ್ರಾಸ್ಟೇಟ್ ಚಿಕಿತ್ಸೆ, ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಇವೆಲ್ಲ ಅದರಲ್ಲಿವೆ. ಕಂಪನಿಗಳು ಉಪಮಿತಿ (ಆ ಚಿಕಿತ್ಸೆಗೆ ಕೊಡುವ ಹಣಕ್ಕೆ ಪ್ರತ್ಯೇಕ ಮಿತಿ) ಹಾಕಬಹುದು, ಹಾಕುತ್ತವೆ ಕೂಡ. ಪಾಲಿಸಿಯಲ್ಲಿ ಆ ಪುಟ ಓದಿಕೊಳ್ಳಬೇಕು.

ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಊದಿದವರಿಗೆ ಕಣ್ಣಿನೊಳಗೆ ಇಂಜೆಕ್ಷನ್ ಕೊಡುವುದು ಕೆಲವೇ ನಿಮಿಷಗಳ ಕೆಲಸ. ‘24 ಗಂಟೆ ದಾಖಲಾಗಿಲ್ಲ’ ಎಂದು ಅಂಥ ಕ್ಲೇಮ್ ಹಿಂದಿರುಗಿದಾಗ, ಡಿಸ್ಚಾರ್ಜ್ ಸಾರಾಂಶದಲ್ಲಿ ‘ಕಣ್ಣಿನ ಚಿಕಿತ್ಸೆ’ ಎಂದಷ್ಟೇ ಬರೆದಿದ್ದರೆ ನಾವು ಸೋಲುತ್ತೇವೆ. ಪಟ್ಟಿಯಲ್ಲಿರುವ ಹೆಸರನ್ನೇ, ಔಷಧ ಮತ್ತು ಯಾವ ಕಣ್ಣು ಎಂಬ ವಿವರದೊಂದಿಗೆ ಬರೆಸಿ, ಮಾರ್ಗಸೂಚಿಯ ಪ್ರತಿ ಲಗತ್ತಿಸಿ ಕಳಿಸಿದ ಕ್ಲೇಮುಗಳು ಮಂಜೂರಾಗಿರುವುದನ್ನು ನಾನು ಕಂಡಿದ್ದೇನೆ. ಪಟ್ಟಿಯ ಆಚೆಗಿನ ಚಿಕಿತ್ಸೆಗಳ ಪಾಡು ಕಷ್ಟ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರು ಸೇರಿ ಬೆಳೆಸಿದ ನಮ್ಮದೇ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿದೆ. ಆ 12ರ ಪಟ್ಟಿ ಅದಕ್ಕಿಂತ ನಾಲ್ಕು ವರ್ಷ ಹಳೆಯದು. ಪಟ್ಟಿ ಚಿಕಿತ್ಸೆಗಿಂತ ಹಿಂದೆ ಉಳಿಯುವುದು ಎಲ್ಲ ದೇಶದಲ್ಲೂ ಇದ್ದದ್ದೇ. ನಮ್ಮಲ್ಲಿ ಕೊರತೆಯಿರುವುದು ತಾತ್ಕಾಲಿಕ ಕೋಡು ಕೊಟ್ಟು ಎಣಿಸುತ್ತ ಹೋಗುವ ಆ ನಡುವಿನ ಮೆಟ್ಟಿಲಿನದು. ಅದನ್ನು ನಾವು ಕೇಳಿ ಪಡೆಯಬೇಕೆಂದು ನನ್ನ ದೃಢವಾದ ಅಭಿಪ್ರಾಯ.

ಸೇಡಂ ರಸ್ತೆ, ಕಲಬುರಗಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. 33274ರ ಪೂರ್ಣ ವಿವರಣೆ ಮತ್ತು ಪೀಠಿಕೆಯ ಆ ಸೂಚನೆ ಎರಡನ್ನೂ ಆಡಿಟರ್ ಅವರಿಗೆ ಬರಹದಲ್ಲಿ ಕಳಿಸಿದೆ. ಅವರು ಒಪ್ಪಿದ್ದಾರೆ, ಕ್ಲೇಮ್ 0795ಟಿ ಎಂದೇ ಹೋಗುತ್ತದೆ, ಅಧ್ಯಯನದ ಸಂಖ್ಯೆಗಾಗಿ ಆಸ್ಪತ್ರೆಗೆ ಕ್ವೆರಿ ಕಳಿಸಿದ್ದೇವೆ. ಕೊನೆಯದಾಗಿ ಒಂದು ಪ್ರಶ್ನೆ: ಈಗಾಗಲೇ ಹೃತ್ಕುಕ್ಷಿಯಲ್ಲಿ ಲೀಡ್‌ಲೆಸ್ ಸಾಧನ ಇರುವ ರೋಗಿಗೆ ಮುಂದೆ ಹೃತ್ಕರ್ಣದ ಸಾಧನವನ್ನು ಮಾತ್ರ ಸೇರಿಸಿದರೆ ಆಗಲೂ ಇದೇ ಕೋಡೇ?

ಬೀದರ ಕೋಟೆ

ಅಲ್ಲ. ಇರುವ ಹೃತ್ಕುಕ್ಷಿಯ ಸಾಧನಕ್ಕೆ ಹೃತ್ಕರ್ಣದ ಭಾಗವನ್ನು ಸೇರಿಸಿ ಎರಡು ಕೋಣೆಯ ವ್ಯವಸ್ಥೆ ಮಾಡಿದರೆ 0796ಟಿ. ಎರಡು ಕೋಣೆಯ ವ್ಯವಸ್ಥೆಯ ಭಾಗವಾಗಿ ಹೃತ್ಕುಕ್ಷಿಯ ಸಾಧನವನ್ನು ಮಾತ್ರ ಕೂರಿಸಿದರೆ 0797ಟಿ. ತೆಗೆಯುವುದಕ್ಕೆ 0798ಟಿಯಿಂದ 0800ಟಿ, ತೆಗೆದು ಬದಲಿಸುವುದಕ್ಕೆ 0801ಟಿಯಿಂದ 0803ಟಿ, ನಂತರದ ಪ್ರೋಗ್ರಾಮಿಂಗ್ ತಪಾಸಣೆಗೆ 0804ಟಿ. ಹೃತ್ಕುಕ್ಷಿಯಲ್ಲಿ ಏನೂ ಇಲ್ಲದೆ ಹೃತ್ಕರ್ಣದಲ್ಲಿ ಮಾತ್ರ ಒಂದೇ ಸಾಧನ ಕೂರಿಸುವ ಪ್ರಕರಣ ಬೇರೆಯೇ. ಅದಕ್ಕೆ 0823ಟಿಯಿಂದ ಶುರುವಾಗುವ ಗುಂಪು 2024ರ ಜನವರಿಯಿಂದ ಇದೆ. ನೋಟ್ ಓದುವಾಗ ಹಳೆಯ ಸಾಧನ ಇತ್ತೇ, ಇದ್ದರೆ ಯಾವ ಕೋಣೆಯಲ್ಲಿ ಎಂಬುದನ್ನು ಮೊದಲು ಹುಡುಕಿಕೊಳ್ಳಿ. ಅದು ಸಿಗದಿದ್ದರೆ ಕೋಡ್ ಹಾಕುವ ಮೊದಲು ವೈದ್ಯರಿಗೆ ಕ್ವೆರಿ ಕಳಿಸಿ.